ಎರಡು ಕೋಣೆಯ ಮನೆ ಮಾರಾಟಕ್ಕಿದೆ

ಮನೆ ಮಾರಲು ನಿಂತವರಿಗೆ ನಗುವಿಗೆ ಬರವಿಲ್ಲ. ವಾರಕ್ಕೊಬ್ಬರಾದರೂ ಬಂದು ನಗಿಸಿ ಹೋಗುತ್ತಾರೆ. ನನ್ನದು ಶಹಾಪುರದಲ್ಲಿ ಎರಡನೇ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಮಲಗಿದ ಬುದ್ಧನ ಬೆಟ್ಟ. ದಿನಾ ಬಸ್ಸಿನಲ್ಲಿ ಯಾದಗಿರಿಯ ಕಚೇರಿಗೆ ಹೋಗಿ ಬಂದು, ಗುಮಾಸ್ತಿಕೆಯ ಸಂಬಳದಲ್ಲಿ ನಾನೇ ಕೊಂಡದ್ದು. ನಮ್ಮ ಮನೆತನದಲ್ಲಿ ಹೆಣ್ಣಿನ ಹೆಸರಿಗೆ ನೋಂದಣಿಯಾದ ಮೊದಲ ಆಸ್ತಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಈಗ ನಿವೃತ್ತಿಯಾಯಿತು, ಮೊಣಕಾಲು ಮೆಟ್ಟಿಲ ಮೇಲೆ ಮುನಿಸಿಕೊಂಡವು, ಸಗರದಲ್ಲಿ ತಂಗಿಯ ಪಕ್ಕ ನೆಲದ ಮೇಲಿನ ಮನೆ ಸಿಕ್ಕಿತು. ಅದಕ್ಕೇ ಮಾರಾಟ.

ದಲ್ಲಾಳಿ ಮೊದಲ ದಿನವೇ ಗೋಡೆ ನೋಡಿ, "ಮೇಡಂ, ಆ ಬುದ್ಧನ ಫೋಟೋ ಅಲಮಾರ್ಯಾಗ ಇಡ್ರಿ. ಬಂದವ್ರು ನಿಮ್ಮ ಮಂದಿ ಯಾವ್ದಂತ ಕೇಳಿ ಹಿಂದಕ್ಕ ಸರೀತಾರ" ಎಂದ.

ಬಾಡಿಗೆ ಮನೆ ಹುಡುಕುವ ಕಾಲದಲ್ಲಿ ಜಾತಿ ಕೆದಕುವ ಈ ಪ್ರಶ್ನೆ ಕೇಳಿಸಿಕೊಂಡು ಸಾಕಾಗಿದ್ದವಳು ನಾನು. "ಫೋಟೋ ಅಲ್ಲೇ ಇರ್ತದ. ಅದನ್ನ ನೋಡಿ ಒಪ್ಪಿದವ್ರಿಗೇ ಮನಿ" ಎಂದೆ. ಅವನು ಹಣೆ ಚಚ್ಚಿಕೊಂಡ.

೧. ಚಕ್ಕುಬಂದಿ

ಮೊದಲು ಬಂದವರು ತಿಂಥಣಿ ಕಡೆಯ ಒಬ್ಬ ಹಿರಿಯ ರೈತರು. ಕೂತವರೇ, "ಚಕ್ಕುಬಂದಿ ಹೇಳ್ರಿ" ಎಂದರು. ಹೊಲದ ನಾಲ್ಕು ಎಲ್ಲೆ ಕೇಳುವ ಹಾಗೆ.

"ಮೂಡಲಕ್ಕ ಮೆಟ್ಟಿಲು, ಪಡುವಲಕ್ಕ ಮಾಸ್ತರ ಮನಿ, ಆ ಕಡಿ ರಸ್ತಾ, ಈ ಕಡಿ ಬಯಲು" ಎಂದೆ.

"ಮ್ಯಾಗ?"

"ನರ್ಸಮ್ಮ ಅದಾರ."

"ಕೆಳಗ?"

"ಟೇಲರ್."

ಅವರು ಬೆರಳು ಮಡಚಿ ಎಣಿಸಿದರು, ಟವೆಲ್ ಕೊಡವಿ ಎದ್ದರು. "ನಾಕ್ ದಿಕ್ಕಿನ ಜಗಳಾನೇ ನನಗ ಮುಗದಿಲ್ಲ ತಾಯಿ. ಇಲ್ಲಿ ಆರು ಅದಾವ. ಈ ವಯಸ್ಸಿನ್ಯಾಗ ನೀಗಂಗಿಲ್ರಿ."

೨. ರೊಟ್ಟಿ ಪರೀಕ್ಷೆ

ಕೆಂಭಾವಿಯಿಂದ ಬಂದ ಹೆಣ್ಣುಮಗಳು ಕೋಣೆಗಳತ್ತ ತಿರುಗಿಯೂ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ, "ಒಂದೀಟು ಜ್ವಾಳದ ಹಿಟ್ಟು ಕೊಡ್ರಿ" ಎಂದಳು. ಈಗಿರುವ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನವರು ದಿನಾ ಜಗಳ ತೆಗೆಯುತ್ತಾರಂತೆ. ಇಲ್ಲಿ ಹೇಗೆ ಎಂದು ಬಡಿದೇ ನೋಡಬೇಕಂತೆ.

ಮೂರನೇ ರೊಟ್ಟಿಗೆ ಬಾಗಿಲು ಬಡಿದ ಸದ್ದಾಯಿತು. ಆಕೆ ಹಿಟ್ಟಿನ ಕೈಯನ್ನೇ ಸೊಂಟದ ಮೇಲಿಟ್ಟು ಜಗಳಕ್ಕೆ ಸಜ್ಜಾಗಿ ನಿಂತಳು. ಬಾಗಿಲಲ್ಲಿ ಕೆಳಗಿನ ಮನೆಯ ಟೇಲರ್, ಕೈಯಲ್ಲಿ ತಾಟು.

"ಅಕ್ಕಾರ, ಇವತ್ತಿನ ಸಪ್ಪಳ ನಿಮ್ಮ ಕೈದಲ್ಲ. ಯಾರು ಬಂದಾರ? ನನಗೂ ಎರಡು ಹಾಕಿ ಕೊಡ್ರಿ."

ನೆಲದಡಿಯಿಂದಲೇ ನನ್ನ ಕೈ ಗುರುತು ಹಿಡಿಯುವ ನೆರೆಯವನು! ನಾನು ಹೆಮ್ಮೆಯಿಂದ ಆಕೆಯತ್ತ ನೋಡಿದೆ. ಆಕೆ ಕೈ ತೊಳೆದುಕೊಂಡಳು. "ಜಗಳ ಆದ್ರ ತಡಕೊಂತಿದ್ದೆ. ದಿನಾ ಇವರಿಗೂ ರೊಟ್ಟಿ ಬಡಿಯಾಕ ನನ್ನಿಂದ ಆಗಂಗಿಲ್ರಿ."

೩. ಕೊನೆಗೆ ಬಂದವರು

ಮಾವ, ಸೊಸೆ. ಸೊಸೆಗೆ ಯಾದಗಿರಿಯಲ್ಲಿ ನೌಕರಿ. ಮನೆ ಕೊಳ್ಳುವವಳು ಅವಳೇ. ಅವಳು ಒಳಗೆ ನೋಡುತ್ತಿದ್ದರೆ, ಮಾವ ಗೋಡೆ ತಟ್ಟುತ್ತ, ಕೇಳಿ ಕೇಳಿ ಚಹಾ ಹಾಕಿಸಿಕೊಂಡರು. ಮೂರನೇ ಕಪ್ಪಿಗೆ ಕಣ್ಣು ಫೋಟೋ ಮೇಲೆ ಬಿತ್ತು.

"ನಿಮ್ಮ ಮಂದಿ ಯಾವ್ದಂದ್ರಿ?"

"ಬೌದ್ಧರು."

ಕಪ್ಪು ಬಾಯಿಯ ಹತ್ತಿರವೇ ನಿಂತಿತು. "ಹಂಗಾದ್ರ ಒಂದು ಶಾಂತಿ ಮಾಡಿಸಿ ಒಳಗ ಬರಬೇಕಾಗ್ತದ."

ನನಗೆ ಮೈ ಉರಿದುಹೋಯಿತು. ಬಾಗಿಲು ತೋರಿಸಲು ಎದ್ದೆ. ಅಷ್ಟರಲ್ಲಿ ಸೊಸೆ ಹೊರಗೆ ಬಂದಳು. "ಮಾವಾರ, ಮೂರು ಕಪ್ ಚಹಾ ಕುಡದೀರಿ. ಮೊದ್ಲ ಹೊಟ್ಟಿಗಿ ಶಾಂತಿ ಮಾಡಿಸ್ರಿ. ಮನಿದು ನಾ ನೋಡ್ಕೊಂತೀನಿ." ನನ್ನತ್ತ ತಿರುಗಿ, "ಅಕ್ಕಾರ, ನಂದು ಒಂದೇ ಮಾತು. ಯಾದಗಿರಿ ಬಸ್ಸು ಸಿಗ್ತದೇನ್ರಿ?" ಎಂದಳು.

"ಕಿಟಕ್ಯಾಗ ಬಸ್ಸು ಕಂಡ ಮ್ಯಾಲ ಚಪ್ಪಲಿ ಮೆಟ್ಟಿ ಇಳದ್ರೂ ಸಿಗ್ತದವ್ವಾ. ನೌಕರಿ ಮುಗಿಯೂತನ ಒಂದು ದಿನ ತಪ್ಪಿಸಿಲ್ಲ" ಎಂದೆ, ಎದೆ ಉಬ್ಬಿಸಿ.

ಹೇಳುತ್ತಿದ್ದಂತೆಯೇ ರಸ್ತೆ ಕಡೆಯ ಕಿಟಕಿಯಲ್ಲಿ, ತಿರುವಿನ ಹತ್ತಿರ ಕೆಂಪು ಬಸ್ಸು ಕಂಡಿತು. ಸೊಸೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬ್ಯಾಗ್ ಎತ್ತಿಕೊಂಡು ಓಡಿದಳು. ಮೆಟ್ಟಿಲ ಮೇಲೆ ಚಪ್ಪಲಿಯ ಪಟಪಟ. ನಾನೂ ಮಾವನೂ ಕಿಟಕಿಗೆ ಹೋಗಿ ನಿಂತೆವು. ನನ್ನ ಮಾತಿನ ಮರ್ಯಾದೆ ಈಗ ಆ ಹುಡುಗಿಯ ಕಾಲಲ್ಲಿತ್ತು. ಅವಳು ಹತ್ತಿದಳು, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು.

ಮಾವನ ಫೋನು ಹೊಡೆದುಕೊಂಡಿತು. ಅವಳ ದನಿ ನನಗೂ ಕೇಳಿಸಿತು: "ಸಿಕ್ತ್ರಿ! ಸೀಟೂ ಸಿಕ್ಕದ! ಮನಿ ಪಕ್ಕಾ ಮಾಡ್ರಿ. ಹಂಗೇ ಡ್ಯೂಟಿ ಮುಗಿಸ್ಕೊಂಡು ಸಂಜಿಗಿ ಬರ್ತೀನಿ."

ಮಾವ ಫೋನು ಕಿಸೆಗಿಟ್ಟರು. ಫೋಟೋ ನೋಡಿದರು, ಗಡಿಯಾರ ನೋಡಿದರು, ಮತ್ತೆ ಕುರ್ಚಿಯಲ್ಲಿ ಕೂತು ಮೆಲ್ಲಗೆ ಕೇಳಿದರು:

"ಅಕಿ ಹೊಳ್ಳಿ ಬರೂದು ಸಂಜಿಗಿ ಆತು. ಊಟಕ್ಕ ಏನು ಮಾಡೀರಿ ತಾಯಿ?"