ಧರ್ಮೇಶ ಕೇಳಿದ ಎರಡು ಗುಂಡಿ

ಧರ್ಮೇಶನಿಗೆ ಬೇಕಿದ್ದದ್ದು ಇನ್ನು ನಾಲ್ಕೇ ದಿನದ ರಜೆ. ಭಾನುವಾರ ಕೊಟ್ಟಿಗೆಹಾರದ ಭವ್ಯಾಳ ಜೊತೆ ನಿಶ್ಚಿತಾರ್ಥ. ನಾಳೆಗೇ ಸೇನೆಯ ರಜೆ ಮುಗಿದು ಕಾಶ್ಮೀರಕ್ಕೆ ಹೊರಡಬೇಕು. ರಜೆ ಕೇಳಲು ಈಗ ಮೊಬೈಲಿನಲ್ಲಿರುವ ಸೇನೆಯ ಆ್ಯಪೇ ಗತಿ. ಅವನ ಊರು ಸಂಸೆಯ ಆ ಮೂಲೆಗೆಲ್ಲ ಸಿಗ್ನಲ್ ಸಿಗುವುದು ಪಕ್ಕದ ಮನೆ ಅಣ್ಣಮ್ಮಜ್ಜಿಯ ಕಾಫಿ ಕಣದಲ್ಲಿ ಮಾತ್ರ.

ಬೆಳಿಗ್ಗೆಯಿಂದ ಅಲ್ಲಿ ಕೈ ಎತ್ತಿಕೊಂಡು ಬೆರ್ಚಪ್ಪನ ಹಾಗೆ ನಿಂತಿದ್ದ.

“ಹೇಗೂ ನಿಂತಿದ್ದೀಯಲ್ಲ, ಮಂಗ ಬಂದ್ರೆ ಓಡ್ಸು ಮಾರಾಯ,” ಎಂದಳು ಅಜ್ಜಿ.

ಮೊಬೈಲಿನ ಅಕ್ಷರಗಳೋ ಸಾಸಿವೆ ಕಾಳು; ಧರ್ಮೇಶನ ಬೆರಳೋ ಒನಕೆ. ಹೇಗೋ ಅರ್ಜಿಯ ಕೊನೆ ಮುಟ್ಟಿದರೆ “ಖಚಿತವೇ?” ಎನ್ನುತ್ತಿತ್ತು. ಹೌದು ಎಂದರೆ “ಇನ್ನೊಮ್ಮೆ ಯೋಚಿಸಿದ್ದೀರಾ?” ಅದಕ್ಕೂ ಹೌದು ಎನ್ನುವಷ್ಟರಲ್ಲಿ ಸಿಗ್ನಲ್ ಹೋಗಿ ಮತ್ತೆ ಮೊದಲಿಂದ.

“ಗಟ್ಟಿ ಒತ್ತೋ, ಕಾಶ್ಮೀರ ದೂರ ಇದೆ!” ಬೇಲಿಯಾಚೆಯಿಂದ ಕೂಗಿದರು ಎಸ್ಟೇಟ್ ರೈಟರ್ ಆಗಿದ್ದ ಚೌಡಯ್ಯ.

ಧರ್ಮೇಶನ ಸಿಟ್ಟಿನ ಕಾವಿಗೆ ಕಣದ ಕಾಫಿ ಬಿಸಿಲಿಲ್ಲದೆ ಒಣಗುವಂತಿತ್ತು. ಆ್ಯಪಿನ ದೂರು ಹೇಳುವ ನಂಬರಿಗೆ ಫೋನ್ ಹಚ್ಚಿದ.

“ಸಾರ್, ಇದನ್ನ ಮಾಡಿದೋರಿಗೆ ಬೆರಳೇ ಇಲ್ವಾ? ಎರಡೇ ಗುಂಡಿ ಇಡಿ, ರೊಟ್ಟಿಯಷ್ಟು ದೊಡ್ಡದು! ‘ರಜೆ ಬೇಕು’, ‘ರಜೆ ಸಾಕು’, ಅಷ್ಟೇ. ಒಂದ್ಸಲ ಒತ್ತಿದ್ರೆ ಮುಗೀಬೇಕು. ಖಚಿತವೇ ಗಿಚಿತವೇ ಅಂತ ಒಂದು ಮಾತೂ ಕೇಳಕೂಡ್ದು!”

ಆ ಕಡೆಯವರೂ ಸೇನೆಯವರೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು. ಸಂಜೆಯೊಳಗೆ ಪರದೆ ಬದಲಾಯಿತು. ಹಸಿರು ರೊಟ್ಟಿಯಲ್ಲಿ ‘ರಜೆ ಬೇಕು’, ಕೆಂಪು ರೊಟ್ಟಿಯಲ್ಲಿ ‘ರಜೆ ಸಾಕು’. ಚೌಡಯ್ಯ ಕನ್ನಡಕವಿಲ್ಲದೆ ಬೇಲಿಯಾಚೆಯಿಂದಲೇ ಓದಿದರು.

ಧರ್ಮೇಶ ಬೆರಳೆತ್ತಿದ. ಅಷ್ಟರಲ್ಲಿ ಲಂಕೆಗೆ ಹೊರಟ ದಂಡಿನ ಹಾಗೆ ಮಂಗಗಳು ಕಣಕ್ಕೆ ಧುಮುಕಿದವು.

“ಓಡ್ಸೋ, ಓಡ್ಸೋ! ಮೊಬೈಲ್ ಇತ್ತ ಕೊಡು!” ಅಜ್ಜಿ ಕೂಗಿದಳು.

ಮಂಗಗಳನ್ನು ಹಳ್ಳ ದಾಟಿಸಿ ಏದುಸಿರು ಬಿಡುತ್ತ ಬಂದರೆ ಅಜ್ಜಿಯ ಮುಖ ಹುಣ್ಣಿಮೆ.

“ನೀ ಬರೋವರ್ಗೆ ಸಿಗ್ನಲ್ ಕಾಯ್ತದಾ? ನಾನೇ ಒತ್ತಿದೆ. ಓದಕ್ಕೆ ಬರ್ದಿದ್ರೇನು, ಶುಭಕಾರ್ಯ ಅಲ್ವಾ? ಕುಂಕುಮದ ಬಣ್ಣದ್ದೇ ನೋಡಿ ಒತ್ತಿದೆ!”

ಪರದೆಯ ಮೇಲೆ, ಅದೂ ರೊಟ್ಟಿಯಷ್ಟೇ ದೊಡ್ಡದಾಗಿ: “ರಜೆ ಸಾಕು. ಸಂತೋಷ. ನಾಳೆಯೇ ಹೊರಡಿ.”

ಧರ್ಮೇಶ ಹಸಿರನ್ನು ಕುಟ್ಟಿದ, ಗುದ್ದಿದ. ಮೊಬೈಲು ಮಿಸುಕಲಿಲ್ಲ. ವಿಷಯ ತಿಳಿದದ್ದೇ ಅಜ್ಜಿಗೂ ಸಿಟ್ಟು ನೆತ್ತಿಗೇರಿತು.

“ಅಲ್ಲ, ‘ಹೌದಾ ಅಜ್ಜಿ’ ಅಂತ ಒಂದು ಮಾತು ಕೇಳ್ಬಾರ್ದಿತ್ತಾ ಇದು? ಯಾವ ಬಡ್ಡಿಮಗ ಹೇಳ್ಕೊಟ್ನೋ ಇದಕ್ಕೆ!”

ಬೇಲಿಯಾಚೆ ಚೌಡಯ್ಯ ಕೆಮ್ಮಿದರು.