ಶೀನಣ್ಣನವರ ಕಂಪ್ಯೂಟರ್ ಚಿಕಿತ್ಸೆ

“ಇವತ್ತು ಈ ಮನೇಲಿ ಒಂದೋ ಈ ಕಂಪ್ಯೂಟರ್ ಇರ್ಬೇಕು, ಇಲ್ಲಾ ನಾನಿರ್ಬೇಕು!”

ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಮುಗಿಸಿ, ಪಂಚೆ ಎತ್ತಿ ಕಟ್ಟಿ ಶೀನಣ್ಣ ಹೀಗೆ ಘೋಷಿಸಿದರು. ಬೇರೆ ದಿನವಾಗಿದ್ದರೆ ಅವರ ಹೆಂಡತಿ ಅಲಮೇಲು, “ಕಂಪ್ಯೂಟರೇ ಇರ್ಲಿ ಬಿಡಿ, ಅದು ಗಂಟೆಗೊಂದ್ಸಲ ಕಾಫಿ ಕೇಳಲ್ಲ” ಅಂದೇ ತೀರುತ್ತಿದ್ದರು. ಅವತ್ತು ಅನ್ನಲಿಲ್ಲ. ಮಾತು ಆಡಿದ ಮೇಲೆ ಶೀನಣ್ಣನವರಿಗೂ ಅದರ ಅರ್ಥ ಹೊಳೆದು ನಾಲಿಗೆ ಕಚ್ಚಿಕೊಂಡರು. ಹೋದ ವಾರವಷ್ಟೇ ಡಾಕ್ಟರು ಅವರ ಕತ್ತಿನ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದು ಬರೀ ಗಂಟೋ, ಕ್ಯಾನ್ಸರ್ರೋ ಅನ್ನುವ ರಿಪೋರ್ಟು ಅವತ್ತು ಲ್ಯಾಬಿನ ವೆಬ್‌ಸೈಟಿನಲ್ಲಿ ಬರಬೇಕಿತ್ತು.

ಅಲಮೇಲು ಫೋನಿನಲ್ಲಿ ನೋಡಬಹುದಿತ್ತಲ್ಲ ಅಂತೀರಾ? ಶೀನಣ್ಣ ಒಪ್ಪಬೇಕಲ್ಲ! “ನನ್ನ ಹಣೆಬರಹಾನ ಅಂಗೈ ಅಗಲದ ಗಾಜಲ್ಲಿ ಓದಲ್ಲ. ದೊಡ್ಡ ಸ್ಕ್ರೀನಲ್ಲಿ, ಕುರ್ಚಿ ಮೇಲೆ ಕೂತು ಓದ್ತೀನಿ” ಅಂತ ಅವರ ಹಟ. ಫಿಸಿಕ್ಸ್ ಮೇಷ್ಟ್ರಾಗಿ ರಿಟೈರಾದವರು, ಚಾಮರಾಜಪೇಟೆಯ ಅರ್ಧ ಜನಕ್ಕೆ ಪಾಠ ಹೇಳಿದವರು. ಅವರಿಗೆ ಪಾಠ ಹೇಳುವವರು ಯಾರು?

ನಡುಮನೆ ಮೂಲೆಯ ಆ ಕಂಪ್ಯೂಟರೋ, ಮಗಳು ಸುಪ್ರಜಾ ಇಂಜಿನಿಯರಿಂಗ್ ಓದುವಾಗ ಕೊಂಡದ್ದು. ಈಗ ಅವಳ ಮಗನೇ ಹೈಸ್ಕೂಲಿನಲ್ಲಿದ್ದಾನೆ. ಲ್ಯಾಬಿನ ಹೆಸರು ಒತ್ತಿದರೆ ಸ್ಕ್ರೀನಿನ ಮಧ್ಯೆ ಒಂದು ಚಕ್ರ ಸುತ್ತಲು ಶುರುವಾಯಿತು. ಶೀನಣ್ಣ ಸ್ನಾನ ಮುಗಿಸಿ ಬಂದರೂ ಸುತ್ತುತ್ತಿತ್ತು. ಸಂಧ್ಯಾವಂದನೆ ಮುಗಿಸಿ ಬಂದರೂ ಸುತ್ತುತ್ತಿತ್ತು. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಚಕ್ರವೂ ಮತ್ತೆ ಶುರು!

“ಮೋಡೆಮ್ಮಿಂದೇ ತಪ್ಪು” ಅಂತ ತೀರ್ಪು ಕೊಟ್ಟರು ಶೀನಣ್ಣ. “ಎತ್ತರದಲ್ಲಿಟ್ರೆ ಸಿಗ್ನಲ್ ಚೆನ್ನಾಗಿ ಬರತ್ತೆ, ಸಿಂಪಲ್ ಫಿಸಿಕ್ಸ್!” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ. ಸ್ಟೂಲ್ ಹತ್ತಿ ಮೋಡೆಮ್ಮನ್ನು ಅಟ್ಟದ ಮೇಲೆ ತಳ್ಳಿದರು. ಅದರ ವೈರು ಅಲ್ಲಿದ್ದ ಮಿಡಿ ಉಪ್ಪಿನಕಾಯಿ ಜಾಡಿಗೆ ಸುತ್ತಿಕೊಂಡಿತು. ಅವರು ಕೆಳಗಿಳಿಯುವಾಗ ವೈರು ಎಳೆದು ಜಾಡಿಯೂ ಜೊತೆಗೇ ಇಳಿದು ಚೂರುಚೂರಾಯಿತು.

ಅಲಮೇಲು ಅಡುಗೆಮನೆಯಿಂದ ಬಂದರು, ನೋಡಿದರು, ಪೊರಕೆ ತಂದು ಗುಡಿಸಿದರು. ಒಂದು ಬೈಗುಳವಿಲ್ಲ! ಅದು ಇಡೀ ವರ್ಷಕ್ಕೆಂದು ಹಾಕಿಟ್ಟ ಉಪ್ಪಿನಕಾಯಿ. ಶೀನಣ್ಣನವರಿಗೆ ನಿಜವಾಗಿ ಭಯ ಹುಟ್ಟಿದ್ದು ಆಗ.

“ಅದೇನೇ ಒಳಗಡೆ ತುಪ್ಪದ ವಾಸನೆ?”

“ಸಕ್ಕರೆ ಪೊಂಗಲು. ಪುಳಿಯೋಗರೇನೂ ಕಲಸ್ತಿದೀನಿ.”

“ಇವತ್ಯಾವ ಹಬ್ಬ?”

“ಭಾನುವಾರ” ಅಂದು ಅಲಮೇಲು ಒಳಗೆ ಹೋದರು.

ಸರಿ, ಮುಂದಿನ ಆಪರೇಷನ್! ಶೀನಣ್ಣ ಪ್ಲಗ್ ಕಿತ್ತು, ಕಂಪ್ಯೂಟರ್ ಡಬ್ಬಿಯ ಸ್ಕ್ರೂ ಬಿಚ್ಚಿ, ಸೈಕಲ್ ಪಂಪಿನ ಮೂತಿಯನ್ನು ಫ್ಯಾನಿನ ಸಂದಿಗಿಟ್ಟು ಒಂದೇ ಉಸಿರಿಗೆ ಒತ್ತಿದರು. ಪ್ರತಿ ಆಯುಧಪೂಜೆಗೂ ಅಲಮೇಲು ಆ ಡಬ್ಬಿಗೆ ಧಾರಾಳವಾಗಿ ಕುಂಕುಮ ಏರಿಸುತ್ತಿದ್ದರು. ಏರಿಸಿದ್ದೆಲ್ಲ ಸಂದಿಯೊಳಗೆ ಇಳಿದು ವರ್ಷಗಟ್ಟಲೆ ಕೂತಿತ್ತು. ಅಷ್ಟೂ ಭುಸ್ಸೆಂದು ಎದ್ದು ಶೀನಣ್ಣನವರ ಮುಖ, ಕತ್ತು, ಬನಿಯನ್ ಎಲ್ಲ ಕೆಂಪಾಯಿತು. ಕೆಮ್ಮು ಹತ್ತಿಕೊಂಡಿತು.

ಸೌಟು ಹಿಡಿದು ಓಡಿ ಬಂದ ಅಲಮೇಲು ಗಂಡನನ್ನು ನೋಡಿದವರೇ, “ಅಯ್ಯೋ ನಾರಾಯಣಾ! ರಕ್ತ!” ಎಂದು ಕೂಗಿ ಗೋಡೆಗೊರಗಿ ಕುಸಿದರು.

“ರಕ್ತ ಅಲ್ಲ ಕಣೇ, ಕುಂಕುಮ! ನೀನೇ ಇಟ್ಟಿದ್ದು!”

ಶೀನಣ್ಣ ನಕ್ಕರು. ಅಲಮೇಲು ನಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಇಷ್ಟಕ್ಕೆಲ್ಲ ಅಳುವ ಹೆಂಗಸಲ್ಲ ಅವಳು ಅಂತ ಶೀನಣ್ಣನವರಿಗೆ ಸಂಕಟವಾಯಿತು. ಪಾಪ, ರಿಪೋರ್ಟಿನ ಚಿಂತೆ, ಬೇಗ ತೋರಿಸಿ ಮುಗಿಸಿಬಿಡಬೇಕು ಅಂದುಕೊಂಡು ಡಬ್ಬಿ ಮುಚ್ಚಿ, ಪ್ಲಗ್ ಹಾಕಿ ಮತ್ತೆ ಕೂತರು.

ಮೊದಲು ತೆರೆದಿದ್ದೆಲ್ಲ ತಾನಾಗೇ ವಾಪಸ್ ತೆರೆದುಕೊಂಡು ಚಕ್ರ ಮತ್ತೆ ಸುತ್ತತೊಡಗಿತು. ಕನ್ನಡಕ ಒರೆಸಿ ನೋಡಿದಾಗ, ಸ್ಕ್ರೀನಿನ ನೆತ್ತಿಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಚೌಕಗಳು ಕಂಡವು. ಒಂದನ್ನು ಒತ್ತಿದರೆ ಮೇಲುಕೋಟೆ ಚೆಲುವನಾರಾಯಣ. ಪಕ್ಕದ್ದು ಶ್ರೀರಂಗನಾಥ. ಆಮೇಲೆ ತಿಮ್ಮಪ್ಪ, ಒಂದರ ಹಿಂದೊಂದು ನರಸಿಂಹರು, ಹನುಮಂತರು, ವಿಡಿಯೋ ಸಮೇತ, ಮಂಗಳಾರತಿ ಸಮೇತ! ಕೊನೆಯದನ್ನು ನೋಡಿ ಅವರು ಬೆಚ್ಚಿಬಿದ್ದರು.

“ಅಲಮೇಲು! ಗವಿಪುರದ ಗಂಗಾಧರೇಶ್ವರ ಇದಾನಲ್ಲೇ ಇಲ್ಲಿ! ಅಯ್ಯಂಗಾರ್ ಮನೇಲಿ ಶಿವ!”

“ಕಷ್ಟಕಾಲದಲ್ಲಿ ನಾಮ ಯಾವ್ದು, ವಿಭೂತಿ ಯಾವ್ದು ಅಂತ ನೋಡ್ತಾರೇನ್ರೀ? ನಾನೇ ನಿನ್ನೆ ಕೂತು ತೆಗ್ದಿಟ್ಟೆ.”

“ಇಷ್ಟೂ ಜನ ಒಟ್ಟಿಗೆ ತೆರ್ಕೊಂಡಿರೋದಕ್ಕೇ ಇದು ಏದುಸಿರು ಬಿಡ್ತಿರೋದು. ಮುಚ್ಚಿಬಿಡ್ತೀನಿ, ರಿಪೋರ್ಟ್ ಬರತ್ತೆ.”

“ಬೇಡ! ಮಂಗಳಾರತಿ ಮಧ್ಯೆ ದೇವರ ಮುಖಕ್ಕೆ ಬಾಗಿಲು ಹಾಕ್ತಾರೇನ್ರೀ? ರಿಪೋರ್ಟ್ ಒಳ್ಳೇದಾಗಿ ಬರೋವರ್ಗೂ ಮುಚ್ಚಬಾರ್ದು.”

“ಮುಚ್ಚೋವರ್ಗೂ ರಿಪೋರ್ಟೇ ಬರಲ್ವಲ್ಲೇ!”

“ಬರದಿದ್ರೆ ಬೇಡ! ಮೊದ್ಲು ಊಟ ಮಾಡಿ. ಎಲೆ ಹಾಕ್ತೀನಿ, ಎದ್ದು ಬನ್ನಿ” ಅಂದು ಅಲಮೇಲು ದಡಬಡನೆ ಒಳಗೆ ಹೋದರು.

ಶೀನಣ್ಣ ಎದ್ದರಾ? ಎದ್ದಿದ್ದರೆ ಈ ಕಥೆ ಯಾಕೆ! ಹೆಂಡತಿ ಮರೆಯಾದದ್ದೇ ತಡ, ಮೆಲ್ಲಗೆ ಕೆನ್ನೆ ಬಡಿದುಕೊಂಡು, “ತಪ್ಪಾಯ್ತಪ್ಪಾ, ಐದೇ ನಿಮಿಷ” ಅಂತ ಒಬ್ಬೊಬ್ಬರನ್ನೇ ಮುಚ್ಚುತ್ತಾ ಬಂದರು. ಗಂಗಾಧರೇಶ್ವರನಿಗೆ ಮಾತ್ರ, ಮೊದಲ ಸಲ ಮನೆಗೆ ಬಂದವನೆಂದು, ಎರಡೂ ಕೈ ಜೋಡಿಸಿ ಮುಚ್ಚಿದರು.

ಏನು ಹೇಳೋದು! ಕಂಪ್ಯೂಟರಿಗೆ ಹೊಸ ಜೀವ ಬಂತು. ಚಕ್ರ ನಿಂತು ಲ್ಯಾಬಿನ ಪುಟ ಫಟ್ಟನೆ ತೆರೆಯಿತು. ನಂಬರ್ ಒತ್ತಿದರು, ರಿಪೋರ್ಟು ಕಣ್ಣೆದುರಿಗೆ! “ಶಭಾಷ್ ಶೀನಾ!” ಅಂತ ತಮ್ಮ ತೊಡೆಯನ್ನು ತಾವೇ ತಟ್ಟಿಕೊಂಡು ಓದಲು ಶುರು ಮಾಡಿದರು.

ಎರಡನೇ ಸಾಲಿನಲ್ಲಿ ‘ಮ್ಯಾಲಿಗ್ನೆಂಟ್’ ಅಂತಿತ್ತು. ಅಂದರೆ ಕ್ಯಾನ್ಸರ್ರೇ ಅಂತ ಮೇಷ್ಟ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ತೊಡೆ ಮೇಲಿದ್ದ ಕೈ ಅಲ್ಲೇ ಉಳಿಯಿತು. ಈ ಹಾಳು ಡಬ್ಬಿ ಇಷ್ಟು ವೇಗವಾಗಿ ಯಾಕಾದರೂ ಓಡಿತೋ ಅನ್ನಿಸಿ ಕಣ್ಣು ಮಂಜಾಯಿತು.

“ರೀ, ಬಂತಾ?” ಒಳಗಿನಿಂದ ಅಲಮೇಲು ಕೂಗಿದರು.

ಶೀನಣ್ಣ ಕೂತಲ್ಲಿಂದಲೇ ಕೂಗಿದರು. “ಇಲ್ಲ ಕಣೇ. ಹಾಳಾದ್ದು, ಇನ್ನೂ ಸುತ್ತುತ್ತಾನೇ ಇದೆ.”

ಹಿಂದೆ ಬಳೆ ಸದ್ದಾಯಿತು. ತಿರುಗಿ ನೋಡಿದರೆ ಅಲಮೇಲು ಪೊಂಗಲಿನ ಪಾತ್ರೆ ಹಿಡಿದು ಕುರ್ಚಿಯ ಹಿಂದೆಯೇ ನಿಂತಿದ್ದರು. ಅವರ ಕಣ್ಣು ಸ್ಕ್ರೀನಿನ ಮೇಲಿತ್ತು.

“ನಂಗೆ ನಿನ್ನೆ ಸಂಜೇನೇ ಗೊತ್ತು ರೀ. ಡಾಕ್ಟರೇ ನನ್ನ ಫೋನಿಗೆ ಮಾಡಿದ್ರು. ಸೋಮವಾರ ಸುಪ್ರಜಾನೂ ಕರ್ಕೊಂಡು ಬನ್ನಿ ಅಂದ್ರು.”

“ಮತ್ತೆ… ನೀನ್ಯಾಕೆ ಹೇಳ್ಲಿಲ್ಲ?”

“ಒಂದು ಭಾನುವಾರ ನೀವು ನೆಮ್ಮದಿಯಾಗಿ ಊಟ ಮಾಡ್ಲಿ ಅಂತ. ಬಂದಿರೋದನ್ನ ಬದಲಾಯ್ಸೋಕಾಗ್ದಿದ್ರೆ, ಊಟ ಮುಗಿಯೋವರ್ಗಾದ್ರೂ ತಡಮಾಡ್ಸಿ ಅಂತ ಅಷ್ಟೂ ದೇವರನ್ನ ಬೇಡ್ಕೊಂಡು ಕೂರ್ಸಿದ್ದೆ.” ಪಾತ್ರೆ ಮೇಜಿನ ಮೇಲಿಟ್ಟು ಅಲಮೇಲು ಕಣ್ಣೊರೆಸಿಕೊಂಡರು. “ಬೆಳಿಗ್ಗೆಯಿಂದ ಪಾಪ ಎಲ್ಲರೂ ಸೇರಿ ತಡಮಾಡ್ಸ್ತಾನೇ ಇದ್ರು. ನೀವು ರಿಪೇರಿ ಮಾಡ್ಬಿಟ್ರಿ!”