ಬೊನಿಸಿಲೆಯ ಮಂತ್ರಿಮಂಡಲ

ಕೃಷಿ ಇಲಾಖೆಯ ಜವಾನ ಬೊನಿಸಿಲೆ ಗೋಡೆಯ ಧೂಳು ಹೊಡೆಯುತ್ತಿದ್ದಾಗ ಪ್ರಧಾನಮಂತ್ರಿಗಳ ಭಾವಚಿತ್ರ ದಾರ ಕಿತ್ತು ಕೆಳಗೆ ಬಿತ್ತು. ಗಾಜು ಚೂರುಚೂರಾಯಿತು. ಮೇಲಧಿಕಾರಿ ಜೋಜೋ ಬರುವುದರೊಳಗೆ ಹೊಸ ಗಾಜು ಹಾಕಿಸಿಬಿಡೋಣವೆಂದು ಅವನು ಚಿತ್ರವನ್ನು ಕಂಕುಳಲ್ಲಿ ಅವುಚಿಕೊಂಡು ರಾಜಧಾನಿ ಉಮ್ಟಾಟಾದ ದೊಡ್ಡ ಬೀದಿಗಿಳಿದ. ಇಡೀ ಪೇಟೆ ಅದನ್ನು ನೋಡಿತು.

ಗಾಜಿನಂಗಡಿಯವನು ಕ್ರಿಸ್‌ಮಸ್ಸಿಗೆ ಹಳ್ಳಿಗೆ ಹೋದವನು ಇನ್ನೂ ಬಂದಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಬೊನಿಸಿಲೆ ನಿಂತಿರುವಾಗಲೇ ಪಕ್ಕದ ಹೋಟೆಲಿನ ರೇಡಿಯೋ ಹಾಡು ನಿಲ್ಲಿಸಿ, ಟ್ರಾನ್ಸ್‌ಕೈ ಸರ್ಕಾರವನ್ನು ಸೇನೆ ವಜಾ ಮಾಡಿದೆಯೆಂದೂ ಒಂದು ಹನಿ ರಕ್ತವೂ ಬಿದ್ದಿಲ್ಲವೆಂದೂ ಸಾರಿತು. ಗಾಜು ತಾಗಿದ್ದ ಬೊನಿಸಿಲೆಯ ಹೆಬ್ಬೆರಳಿನಿಂದ ಮಾತ್ರ ಸ್ವಲ್ಪ ಸುರಿಯುತ್ತಿತ್ತು.

ಅವನು ಕಚೇರಿಗೆ ಮರಳಿದಾಗ ಜೋಜೋ ಬಾಗಿಲಲ್ಲೇ ಕಾದಿದ್ದರು. ದಿನವೂ 'ಲೋ' ಎನ್ನುತ್ತಿದ್ದವರು ಇಂದು ಕುಲದ ಹೆಸರು ಹಿಡಿದು ಕರೆದರು.

"ಬನ್ನಿ ರಾದೆಬೆಯವರೇ, ಕೂತ್ಕೊಳ್ಳಿ. ರೇಡಿಯೋದವರಿಗಿಂತ ಮುಂಚೆನೇ ಫೋಟೋ ಇಳಿಸಿಬಿಟ್ರಲ್ಲ! ನಮಗೊಂದು ಮಾತು ಹೇಳ್ಬಾರ್ದಿತ್ತಾ?"

"ಅದಾಗೇ ಬಿತ್ತು ಸಾರ್."

"ಗೊತ್ತು, ಗೊತ್ತು. ಸರ್ಕಾರಗಳು ತಾವಾಗೇ ಬೀಳ್ತವೆ," ಎಂದು ಜೋಜೋ ಕಣ್ಣು ಮಿಟುಕಿಸಿದರು. "ನನ್ನ ಕುರ್ಚಿ ಒಂದು ಉಳಿಸಿಕೊಡಿ."

ಹದಿನೆಂಟು ವರ್ಷದ ಚಾಕರಿಯಲ್ಲಿ ಆ ಕೋಣೆಯಲ್ಲಿ ಬೊನಿಸಿಲೆಗೆ ಕುರ್ಚಿ ಸಿಕ್ಕಿದ್ದು ಅಂದೇ. ಕೂತ. ಮೆತ್ತಗಿತ್ತು. "ಆಯ್ತು, ಉಳಿಸೋಣ," ಅಂದುಬಿಟ್ಟ. ಜೋಜೋ ಕೂಡಲೇ ಅವನಿಗೆ ರಜೆ ಕೊಟ್ಟು ಮನೆಗೆ ಕಳಿಸಿದರು.

ಫೋಟೋದ ಸುದ್ದಿ ಆಗಲೇ ಹಬ್ಬಿ, ಮನೆಯ ಮುಂದೆ ನೆರೆಹೊರೆಯವರು ಜಾತ್ರೆಯಂತೆ ನೆರೆದಿದ್ದರು. ಪಕ್ಕದ ಮನೆಯ ಮಾಬೆಲೆ ಒಂದು ಪಾತ್ರೆ ಜೋಳ-ಕಾಳಿನ ಅಡುಗೆಯನ್ನು ಅವನ ಕೈಗೆ ತುರುಕಿ, "ನನ್ನ ಗಂಡನ್ನ ರಾಯಭಾರಿ ಮಾಡಪ್ಪ," ಎಂದಳು.

"ಎಲ್ಲಿಗೆ ತಾಯಿ? ನಮ್ಮನ್ನ ದೇಶ ಅಂತ ಒಪ್ಪಿರೋದು ನಮ್ಮನ್ನ ಬೇರೆ ಮಾಡಿದ ಪ್ರಿಟೋರಿಯಾದ ಬಿಳಿಯರ ಸರ್ಕಾರ ಒಂದೇ."

"ಅಲ್ಲಿಗೇ ಕಳ್ಸು. ಮನೇಲಿಲ್ದಿದ್ರೆ ಸಾಕು."

ಮೊದಮೊದಲು ಬೊನಿಸಿಲೆ ಇಲ್ಲ ಎಂದೇ ಹೇಳಿದ. ಇಲ್ಲ ಎಂದಷ್ಟೂ ಜನ, "ಎಷ್ಟು ಗುಟ್ಟಿನ ಮನುಷ್ಯ ನೋಡ್ರಿ!" ಎಂದು ಮೆಚ್ಚಿದರು. ಊಟ ಹೊಟ್ಟೆಗಿಳಿದ ಮೇಲೆ ಅವನಿಗೂ ಇಲ್ಲ ಎನ್ನುವುದು ದುಡಿಮೆಯಂತೆ ಭಾರವಾಯಿತು. ಬಸ್ ಕಂಡಕ್ಟರ್ ಸಾರಿಗೆ ಖಾತೆ ಕೇಳಿದ, ಕೊಟ್ಟ. ಕಟುಕನಿಗೆ ಆರೋಗ್ಯ ಹೋಯಿತು. ಚರ್ಚಿನ ಗಾಯಕಿ ಪೊಲೀಸ್ ಇಲಾಖೆಯೇ ಬೇಕೆಂದು ಹಟ ಹಿಡಿದಳು, ಅದನ್ನೂ ಕೊಟ್ಟ.

ಸಂಜೆ ಬಿಸಿಲು ಇಳಿಯುವ ಮುಂಚೆ ಸೇನೆಯ ಲಾರಿ ಬಂತು. ಅಂಗಳದಲ್ಲಿದ್ದವರು ಎದ್ದು ಚಪ್ಪಾಳೆ ತಟ್ಟಿದರು. ಸೈನಿಕರು ಬೊನಿಸಿಲೆಯನ್ನು ಹತ್ತಿಸಿಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದವರನ್ನೂ ಹತ್ತಿಸಿಕೊಂಡರು.

ಸೇನಾ ಠಾಣ್ಯದಲ್ಲಿ ಕ್ಯಾಪ್ಟನ್ ಎದುರು ಅವನನ್ನು ನಿಲ್ಲಿಸಲಾಯಿತು.

"ಈ ವಿಷಯ ನಾವು ಹೆಂಡ್ತೀರಿಗೂ ಹೇಳಿರ್ಲಿಲ್ಲ. ನಿನಗೆ ಯಾರು ಹೇಳಿದ್ದು?"

"ಯಾರೂ ಇಲ್ಲ ಸಾರ್. ದಾರ."

"ದಾರ ಅಂದ್ರೆ ಯಾವನು? ಯಾವ ತುಕಡಿ?"

"ನೂಲಿನ ದಾರ ಸಾರ್. ಲಡ್ಡಾಗಿತ್ತು."

ಕ್ಯಾಪ್ಟನ್ ಅವನನ್ನು ಹೊರಗೆ ಕೂರಿಸಿ, ಉಳಿದವರನ್ನು ಒಬ್ಬೊಬ್ಬರಾಗಿ ಕರೆಸಿದ. ಬಚಾವಾಗುವ ಅವಸರದಲ್ಲಿ ಪ್ರತಿಯೊಬ್ಬರೂ ತಮಗೆ ಸಿಕ್ಕ ಖಾತೆಯನ್ನು ಒಪ್ಪಿಸಿದರು. ಮಾಬೆಲೆಯ ಗಂಡ ತಾನು ರಾಯಭಾರಿಯೆಂದು ಅಲ್ಲೇ ಮೊದಲ ಸಲ ಕೇಳಿ, ಹೆಂಡತಿಯ ಮುಖ ನೋಡಿದ.

ಕೊನೆಗೆ ಬೊನಿಸಿಲೆಯನ್ನು ಮತ್ತೆ ಒಳಕ್ಕೆ ಕರೆದರು.

"ಸಾರಿಗೆ, ಆರೋಗ್ಯ, ಪೊಲೀಸ್, ವಿದೇಶಾಂಗ," ಕ್ಯಾಪ್ಟನ್ ಬೆರಳು ಮಡಿಚುತ್ತ ಹೇಳಿದ. "ಬೆಳಗಿನಿಂದ ಕೂತ್ರೂ ನಮ್ಮವರಿಗೆ ಇಬ್ಬರು ಮಂತ್ರಿಗಳನ್ನ ಆರಿಸೋಕಾಗಿಲ್ಲ. ನೀನು ಪೂರಾ ಸರ್ಕಾರ ರೆಡಿ ಮಾಡಿದ್ದೀಯ. ಮುಂದಿನ ಕ್ರಾಂತಿ ನಿಮ್ಮದೇ ಅನ್ನು."

"ನನ್ನಾಣೆಗೂ ಇಲ್ಲ ಸಾರ್! ನಾನು ಬರೀ ಜವಾನ!"

ಕ್ಯಾಪ್ಟನ್ ಕಾವಲಿನವನನ್ನು ಹೊರಗೆ ಕಳಿಸಿದ. ಬಾಗಿಲು ಹಾಕಿ ಬಂದು ಬೊನಿಸಿಲೆಯ ಪಕ್ಕದಲ್ಲೇ ಕೂತು ದನಿ ತಗ್ಗಿಸಿದ.

"ನಿಮ್ಮ ಸರ್ಕಾರದಲ್ಲಿ... ಸೇನೆ ಯಾರಿಗೆ ಕೊಟ್ರಿ?"

ಬೊನಿಸಿಲೆಗೆ ಮನೆಗೆ ಹೋದರೆ ಸಾಕಾಗಿತ್ತು. "ಅದು ಇನ್ನೂ ಖಾಲಿ ಇದೆ ಸಾರ್. ತಗೊಳ್ಳಿ."

ಕ್ಯಾಪ್ಟನ್ ಬಹಳ ಹೊತ್ತು ಅವನ ಕೈ ಕುಲುಕಿದ. "ಹಾಗಾದ್ರೆ ಅಲ್ಲೀವರೆಗೂ ನಿಮ್ಮ ಕೂದಲು ಕೊಂಕಬಾರ್ದು," ಎಂದು ಅವನನ್ನು ಠಾಣ್ಯದಲ್ಲೇ ಅತ್ಯಂತ ಭದ್ರವಾದ ಕೋಣೆಗೆ ಕರೆದೊಯ್ದು, ಬೇರೆ ಯಾರನ್ನೂ ನಂಬದೆ ತಾನೇ ಬೀಗ ಹಾಕಿದ.